ಎರಡು ಅಂಗುಲ ಎಡಕ್ಕೆ

ನಾನು ಸ್ಟ್ರೆಚರ್ ತಳ್ಳುವವನು,
ಚಿಲಿ ದೇಶದ ತೆಂಕಣ ದ್ವೀಪದ ಆಸ್ಪತ್ರೆಯಲ್ಲಿ.
ಆ ರಾತ್ರಿ ಕೈ ಖಾಲಿಯಿದ್ದವನು ನಾನೊಬ್ಬನೇ
ಎಂಬುದಷ್ಟೇ ನನ್ನ ಅರ್ಹತೆ.

ಯಸ್ನಾ ನಾವೆಲ್ಕಿನ್, ಎಂಟು ತಿಂಗಳು.
ಕಪ್ಪೆಚಿಪ್ಪು ಬಿಡಿಸುವ ಕಾರ್ಖಾನೆಯಿಂದ ನೇರ ಬಂದಿದ್ದಳು,
ಬಿಳಿ ಬೂಟು ಕೂಡ ಕಳಚದೆ.
"ಎದೆಯೊಳಗೆ ಯಾರೋ ಓಡುತ್ತಿದ್ದಾರೆ," ಅಂದಳು, "ನಾನಲ್ಲ."
ವಾರದಿಂದ ಹೀಗೇ. ಬಸುರಿಗೆ ಇದೆಲ್ಲ ಇದ್ದದ್ದೇ
ಅಂದಿದ್ದರಂತೆ ಅತ್ತೆ.
ಪರದೆಯ ಮೇಲೆ ಹಸಿರು ಗೆರೆ
ಮಕ್ಕಳು ಬರೆದ ಬೆಟ್ಟಗಳ ಹಾಗೆ ಒತ್ತೊತ್ತಾಗಿ, ಮೊನಚಾಗಿ,
ಆಮೇಲೆ ಬರೆಯುವ ಕೈಯನ್ನೇ ಯಾರೋ ಅಲುಗಿಸಿದಂತೆ.
ಅವಳ ಕಣ್ಣು ನನ್ನ ಮೇಲೇ ಇತ್ತು.
ನೋಡುತ್ತಿರಲಿಲ್ಲ.

ಸೂಲಗಿತ್ತಿ ಎರ್ಸಿಲಿಯಾ ಹಾಸಿಗೆಯ ತಲೆ ಇಳಿಸಿ
ಎದೆಯ ನಡುವೆ ಎರಡೂ ಕೈ ಊರಿದಳು.
"ಹೊಟ್ಟೆ! ಎಡಕ್ಕೆ!" ಅಂದದ್ದು ನನಗೆ.
"ಮಗು ದೊಡ್ಡ ನಾಳದ ಮೇಲೆ ಕೂತಿದೆ.
ನೆತ್ತರು ವಾಪಸು ಬಾರದಿದ್ದರೆ
ನಾನು ಒತ್ತುತ್ತಿರುವುದು ಖಾಲಿ ಕೊಡವನ್ನು."

ಎಡಮಗ್ಗುಲಲ್ಲಿ ಎದ್ದರೆ ದಿನವೇ ಹಾಳು
ಎನ್ನುತ್ತಿದ್ದಳು ಅಜ್ಜಿ.
ಅಂಗೈ ಒಡ್ಡಿ ಎಳೆದೆ. ಬಿಸಿಯಿತ್ತು. ಗಟ್ಟಿಯಿತ್ತು.

ನಮ್ಮ ದ್ವೀಪದಲ್ಲಿ ಜನ ಮನೆ ಬದಲಿಸುವುದಿಲ್ಲ,
ಮನೆಯನ್ನೇ ಕರೆದೊಯ್ಯುತ್ತಾರೆ.
ದಿಮ್ಮಿಗಳ ಮೇಲೇರಿಸಿ, ಎತ್ತು ಹೂಡಿ, ಹಗ್ಗ ಬಿಗಿದು,
ಬೇಕಾದರೆ ಉಬ್ಬರಕ್ಕೆ ಕಾದು ಕೊಲ್ಲಿಯ ಆಚೆಗೂ.
ಒಂಬತ್ತರ ವಯಸ್ಸಿಗೆ ನಾನೂ ಎಳೆದಿದ್ದೇನೆ
ಬೆಲಾರ್ಮಿನೋ ಚಿಗುವಾಯಿಯ ಮನೆಯನ್ನು.
ಕಿಟಕಿಗೆ ಪರದೆ ಹಾಗೇ ಇತ್ತು,
ಒಲೆಯ ಮೇಲೆ ಕೆಟಲ್.
ಎಳೆದವರಿಗೆ ದುಡ್ಡು ಕೊಡುವಂತಿಲ್ಲ,
ಉಣ್ಣಲು ಕೊಡಬೇಕು, ಅಷ್ಟೇ.

ಇದೂ ಮನೆಯೇ. ಒಳಗೆ ಒಬ್ಬರಿದ್ದಾರೆ.
ದೂರವೇನಿಲ್ಲ,
ಎರಡು ಅಂಗುಲ.

"ದೂರ ಸರಿಯಿರಿ!" ಕೈ ಬಿಟ್ಟೆ.
ಇಳಿತದಲ್ಲಿ ಮಗ್ಗುಲಾಗಿ ಮಲಗಿದ್ದ ದೋಣಿ
ನೀರೇರಿದಾಗ ಏಳುವಂತೆ
ಹೊಟ್ಟೆ ಹೊರಳಿ ನಡುವಿಗೆ ಬಂತು.
ಶಾಕಿಗೆ ಮೈ ಒಮ್ಮೆ ಎಗರಿತು. ಗೆರೆ ನಡುಗುತ್ತಲೇ ಇತ್ತು.
ಮತ್ತೆ ಹಿಡಿದೆ.
ಎರಡು ನಿಮಿಷ. ಸೂಜಿ ಕಾಲಿಗೆ ಬೇಡ, ತೋಳಿಗೆ, ಅಂದರು ಯಾರೋ.
ಮೂರು. ಮತ್ತೊಂದು ಶಾಕ್.
ಗಂಡ ಬಾಗಿಲಲ್ಲಿ ನಿಂತಿದ್ದ,
ಒಂದೇ ಒಂದು ಬಿಳಿ ಬೂಟು ಹಿಡಿದು.

ನಾಲ್ಕು.
ಆಪರೇಷನ್ ಕೋಣೆ ಒಂದು ಮಹಡಿ ಮೇಲಿತ್ತು.
ಡಾಕ್ಟರ್ ಓಯಾರ್ಸೊ ಮೇಲೆ ನೋಡಲೂ ಇಲ್ಲ.
"ಇಲ್ಲೇ," ಅಂದರು. ಒಂದು ಬ್ಲೇಡು.
ಅರಿವಳಿಕೆ ಯಾರಿಗೆ?
ಒತ್ತುವ ಕೈ ಬದಲಾಯಿತು, ಒತ್ತುವುದು ನಿಲ್ಲಲಿಲ್ಲ.
ಆಗ ನನ್ನ ಅಂಗೈಯ ಕೆಳಗೆ ಒಂದು ಒದೆ,
ಅಥವಾ ನನ್ನದೇ ನಾಡಿ.
ಇಂದಿಗೂ ಆಣೆ ಮಾಡಿ ಹೇಳಲಾರೆ.

ಮಗುವಿಗಾಗಿ ತಾಯಿಯನ್ನು ಕೊಯ್ದರೇ ಎಂದು ಕೇಳುತ್ತಾರೆ ಜನ.
ಅಲ್ಲ, ತಾಯಿಗಾಗಿಯೇ.
ಒಳಗಿದ್ದವಳನ್ನು ಎತ್ತಿಕೊಂಡ ಮೇಲೆ
ನೆತ್ತರಿಗೆ ಹಳೆಯ ದಾರಿ ನೆನಪಾಯಿತು.
ಮೂರನೆಯ ಶಾಕಿಗೆ ಗೆರೆ ಸಪಾಟಾಗಿ,
ತುಸು ಯೋಚಿಸಿ,
ಒಂದು ಬೆಟ್ಟ ಬರೆಯಿತು. ಬಹಳ ಹೊತ್ತಿನ ಮೇಲೆ
ಇನ್ನೊಂದು.

ನನಗೆ ಸಾಕು ಎನ್ನುವುದನ್ನು ಎಲ್ಲರೂ ಮರೆತಿದ್ದರು.
ಗಾಳಿಯನ್ನು ಎಡಕ್ಕೆ ಎಳೆದು ಹಿಡಿದೇ ನಿಂತಿದ್ದೆ.
ನೀಲಿಗಟ್ಟಿದ್ದ ಕೂಸನ್ನು ಹೆಲಿಕಾಪ್ಟರ್ ಒಯ್ದಿತು, ಅದು ಅತ್ತದ್ದನ್ನು
ಈ ದ್ವೀಪದಲ್ಲಿ ಯಾರೂ ಕೇಳಲಿಲ್ಲ.
ಆಮೇಲೆ ನೆಲ ಒರೆಸಿದೆ.

ಎರಡು ವರ್ಷದ ನಂತರ ದಲ್ಕಾವೆಯ ಕಟ್ಟೆಯಲ್ಲಿ,
ಹಾಯುವ ದೋಣಿಯ ಸಾಲಿನಲ್ಲಿ, ನನ್ನ ಮುಂದೆ ಯಸ್ನಾ.
ಕೊರಳೆಲುಬಿನ ಕೆಳಗೆ, ಚರ್ಮದಡಿ,
ಬೆಂಕಿಪೊಟ್ಟಣದಷ್ಟು ಉಬ್ಬು: ಕಾವಲಿನ ಯಂತ್ರ.
ನನ್ನ ಗುರುತು ಅವಳಿಗೆ ಹೇಗೆ ಸಿಗಬೇಕು?
ಹುಡುಗಿ ಎಡ ಸೊಂಟದ ಮೇಲೆ.
ಬೇಸರ ಬಂದು, ತಿರುಗಿ, ಕಚ್ಚಿದ್ದ ಆಲೂಗಡ್ಡೆ ರೊಟ್ಟಿಯನ್ನು
ನನ್ನತ್ತ ಚಾಚಿದಳು.
"ಎಂಜಲು ಕೊಡಬಾರದು ಪುಟ್ಟೀ," ಎಂದಳು ತಾಯಿ,
ನನಗೆ "ಕ್ಷಮಿಸಿ" ಎಂದಳು.

ಇಸಿದುಕೊಂಡು ತಿಂದೆ.
ತಣ್ಣಗಾಗಿತ್ತು. ಉಪ್ಪು ತುಸು ಹೆಚ್ಚು.